ಇನ್‌ಚಾರ್ಜ್ ಸಿಸ್ಟರ್‌ಗೆ ಮನೆಗೆ ಹೋಗುವ ಹೊತ್ತು ಯಾವುದು?

ಪೆನ್ಸಿಲ್_ರೋಸ್ಟರ್ | ಬೆಂಗಳೂರು | ಭಾನುವಾರ ರಾತ್ರಿ 9.50

ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಊರ ಹೊರಗಿನ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೇನೆ. 58 ಹಾಸಿಗೆ. 21 ಮಂದಿಗೆ ಮರೆವಿನ ಕಾಯಿಲೆ, ಒಂಬತ್ತು ಮಂದಿ ಹಾಸಿಗೆ ಹಿಡಿದವರು, ನಾಲ್ವರಿಗೆ ಮೂಗಿನ ಟ್ಯೂಬಿನಲ್ಲಿ ಊಟ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ದಿನವೂ ‘ಜಿ’ ಎಂದಿರುತ್ತದೆ. ಜನರಲ್ ಶಿಫ್ಟ್, ಬೆಳಿಗ್ಗೆ 9ರಿಂದ ಸಂಜೆ 5.30.

ಕಳೆದ ವಾರ ಹಟಕ್ಕೆ ಬಿದ್ದು ಎಲ್ಲವನ್ನೂ ಚಿಕ್ಕ ಡೈರಿಯಲ್ಲಿ ಬರೆದಿಟ್ಟೆ. ಒಟ್ಟು 73 ಗಂಟೆ. ಮನೆಯಿಂದ ಫೋನಿನಲ್ಲಿ ಮಾತನಾಡಿದ್ದು ಇದರಲ್ಲಿ ಸೇರಿಲ್ಲ. ಸೋಮವಾರ ಬೆಳಿಗ್ಗೆ 6.10ಕ್ಕೆ ಮೊದಲ ಕರೆ: ಇಬ್ಬರು ಆಯಾಗಳು ಏಜೆನ್ಸಿಗೂ ಹೇಳದೆ ಊರಿಗೆ ಹೋಗಿದ್ದಾರೆ. ರೋಸ್ಟರನ್ನು ನಾನು ಪೆನ್ಸಿಲಿನಲ್ಲೇ ಬರೆಯುವುದು. ಈ ತಿಂಗಳ ಹಾಳೆ ಅಳಿಸಿ ಅಳಿಸಿ ಎರಡು ಕಡೆ ತೂತು ಬಿದ್ದಿದೆ. ಬುಧವಾರ ರಾತ್ರಿ 1.40ಕ್ಕೆ ಒಬ್ಬ ಅಜ್ಜ ಬಾತ್‌ರೂಮಿಗೆ ಹೋಗಲು ಎದ್ದು ಬಿದ್ದರು. ನೈಟ್ ಡ್ಯೂಟಿಯಲ್ಲಿದ್ದ ಹುಡುಗಿ ಕೆಲಸಕ್ಕೆ ಸೇರಿ ಆರು ವಾರವಾಗಿದೆ, ಫೋನಿನಲ್ಲಿ ಅಳುತ್ತಿದ್ದಳು. ಒಂದು ಕಾಲು ಗಿಡ್ಡವಾಗಿ ಕಾಣುತ್ತಿದೆಯೇ, ಪಾದ ಹೊರಕ್ಕೆ ತಿರುಗಿದೆಯೇ ನೋಡು ಎಂದೆ. “ಹೌದು ಮೇಡಂ” ಎಂದಳು. ಸೊಂಟದ ಮೂಳೆಯೇ ಹೋಗಿದೆ ಎಂದು ಅಲ್ಲಿಗೇ ತಿಳಿಯಿತು. ಎತ್ತಬೇಡ, ಹಾಗೇ ಬಿಡು, ಆಂಬುಲೆನ್ಸ್ ಕರೆಸು ಎಂದು ಹೇಳಿ ಸ್ಕೂಟರ್ ತೆಗೆದೆ. ಎಕ್ಸ್‌ರೇ, ದಾಖಲಾತಿ, ಮಗಳಿಗೆ ಸುದ್ದಿ ಮುಟ್ಟಿಸುವುದು ಮುಗಿದಾಗ ಬೆಳಿಗ್ಗೆ ಏಳು ಗಂಟೆ. ಒಂಬತ್ತಕ್ಕೆ ಮತ್ತೆ ‘ಜಿ’.

ಆಡಳಿತದವರನ್ನು ಕೇಳಿದರೆ, “ನೀವು ಮ್ಯಾನೇಜ್‌ಮೆಂಟ್ ಮೇಡಂ, ನಿಮಗೆಂಥ ಓವರ್‌ಟೈಮ್?” ಎನ್ನುತ್ತಾರೆ. ಎಲ್ಲ ಕಡೆಯೂ ಹೀಗೆಯೇ, ಅಥವಾ ನನಗೆ ಕೆಲಸ ಮಾಡಿಸಲು ಬರುವುದಿಲ್ಲವೇ? ನಿಜವಾಗಿ ಕೇಳುತ್ತಿದ್ದೇನೆ.

ಕಡಲತಡಿ | ಉಡುಪಿ

ಎಲ್ಲ ಕಡೆಯೂ ಹೀಗೆಯೇ. ಮುಂದಿನ ಪ್ರಶ್ನೆ?

ನಿವೃತ್ತ_ಮೇಟ್ರನ್ | ಮೈಸೂರು

ತಪ್ಪು ತಿಳಿಯಬೇಡಿ ತಂಗಿ, ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅರ್ಧ ಹೌದು. ಮೂವತ್ತನಾಲ್ಕು ವರ್ಷ ಡ್ಯೂಟಿ ಮಾಡಿದವಳು ನಾನು. ರಾತ್ರಿ ಪಾಳಿಯಲ್ಲಿ ತಲೆಯಾಗಿ ನಿಲ್ಲುವ ಒಬ್ಬಳನ್ನು ತಯಾರು ಮಾಡದಿದ್ದರೆ ಎಲ್ಲ ಕರೆಯೂ ನಿಮಗೇ ಬರುತ್ತದೆ. ಆರು ವಾರದ ಹುಡುಗಿಯನ್ನು ಒಬ್ಬಳೇ ರಾತ್ರಿ ಬಿಟ್ಟದ್ದು ಯಾರು? ರೋಸ್ಟರ್ ಬರೆದವರು.

ಪೆನ್ಸಿಲ್_ರೋಸ್ಟರ್

ಮೇಡಂ, ತಯಾರು ಮಾಡಿದ್ದೆ. ಮೂರು ವರ್ಷದಲ್ಲಿ ನಾಲ್ವರನ್ನು. ಇಬ್ಬರು ದುಬೈಯಲ್ಲಿದ್ದಾರೆ, ಒಬ್ಬಳು ಐರ್ಲೆಂಡಿನಲ್ಲಿ, ಒಬ್ಬಳು ಸರ್ಕಾರಿ ಕೆಲಸ ಸಿಕ್ಕಿ ಕಲಬುರಗಿಗೆ ಹೋದಳು. ಹಬ್ಬಕ್ಕೆ ಮೆಸೇಜು ಕಳಿಸುತ್ತಾರೆ.

ಬ್ರದರ್_ಎನ್ನಿ | ಹುಬ್ಬಳ್ಳಿ

ನಿವೃತ್ತ ಮೇಡಂ, ನಿಮ್ಮದು ಸರ್ಕಾರಿ ಆಸ್ಪತ್ರೆಯ ಅನುಭವ ಎಂದು ಕಾಣುತ್ತದೆ. ಅಲ್ಲಿ ಡ್ಯೂಟಿ ಡಾಕ್ಟರ್ ರಾತ್ರಿ ಕಟ್ಟಡದೊಳಗೇ ಇರುತ್ತಾರೆ. ಆರೈಕೆ ಕೇಂದ್ರಗಳಲ್ಲಿ ಡಾಕ್ಟರ್ ವಾರಕ್ಕೆ ಎರಡು ಸಲ ಬಂದು ಹೋಗುವವರು. ಉಳಿದ ಹೊತ್ತು ಡಾಕ್ಟರೂ ಇನ್‌ಚಾರ್ಜ್ ಸಿಸ್ಟರೇ, ವಾರ್ಡನ್ನೂ ಅವರೇ, ಜನರೇಟರ್ ಕೆಟ್ಟರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವವರೂ ಅವರೇ. ನಮ್ಮಲ್ಲಿ ಏರ್‌ಬೆಡ್ಡಿನ ಪಂಪು ನಿಂತರೆ ಅದಕ್ಕೂ ನನ್ನನ್ನೇ ಕರೆಯುತ್ತಾರೆ.

ನಿವೃತ್ತ_ಮೇಟ್ರನ್

ಸರಿ, ಆ ಮಾತು ಒಪ್ಪಿದೆ. ಡಾಕ್ಟರ್ ಇಲ್ಲದ ರಾತ್ರಿ ನಾನು ಕಂಡದ್ದು ಕಡಿಮೆ.

ಹಿಮದೂರು | ಓಹಾಯೋ

ಅಕ್ಕ, ಇಲ್ಲಿಯ ಕಥೆ ಕೇಳಿ. ಹಾಸನದವಳು ನಾನು. 54 ಮಂದಿ ಇರುವ ನರ್ಸಿಂಗ್ ಹೋಮಿನಲ್ಲಿ ಡೈರೆಕ್ಟರ್ ಆಫ್ ನರ್ಸಿಂಗ್, ಅಂದರೆ ನರ್ಸ್‌ಗಳ ಮುಖ್ಯಸ್ಥೆ. ಹೆಸರು ಕೇಳಿದರೆ ಕಾರು, ಕೊಠಡಿ, ಕಾರ್ಯದರ್ಶಿ ಎಲ್ಲ ಇದ್ದ ಹಾಗೆ ಅನ್ನಿಸುತ್ತದೆ. ಫೆಡರಲ್ ನಿಯಮದ ಪ್ರಕಾರ ಸರಾಸರಿ 60 ಅಥವಾ ಅದಕ್ಕಿಂತ ಕಡಿಮೆ ನಿವಾಸಿಗಳಿದ್ದರೆ ಡೈರೆಕ್ಟರೇ ಪಾಳಿಯ ಹೊಣೆ ಹೊರುವ ಚಾರ್ಜ್ ನರ್ಸ್ ಆಗಿಯೂ ನಿಲ್ಲಬಹುದು. ಆ ‘ಬಹುದು’ ಎಂಬ ಒಂದು ಪದಕ್ಕೆ ನನ್ನ ಭಾನುವಾರಗಳೆಲ್ಲ ಹೋಗಿವೆ. ರಾತ್ರಿಯ ನರ್ಸ್ ಬರುವುದಿಲ್ಲ ಎಂದು ಸಂಜೆ ಮೆಸೇಜು ಬಂದರೆ ಔಷಧಿ ಗಾಡಿ ತಳ್ಳುವುದು ನಾನೇ.

ಇನ್ನು ಕಾಗದ. ಹೊಸಬರು ಬಂದರೆ 48 ಗಂಟೆಯೊಳಗೆ ಮೊದಲ ಆರೈಕೆ ಯೋಜನೆ, 14 ದಿನದೊಳಗೆ ಪೂರ್ತಿ ಮೌಲ್ಯಮಾಪನ, ಆಮೇಲೆ 92 ದಿನ ಮೀರದಂತೆ ಮತ್ತೆ ಮತ್ತೆ. ಸರ್ಕಾರದ ಹಣ ಬರುವುದೂ ಆ ಮೌಲ್ಯಮಾಪನದ ನಮೂನೆಯ ಮೇಲೆಯೇ. ತಪಾಸಣೆಯವರು ಹೇಳದೆ ಬರುತ್ತಾರೆ. ಎರಡು ತಪಾಸಣೆಗಳ ನಡುವೆ 15 ತಿಂಗಳು ಮೀರುವಂತಿಲ್ಲ ಎಂದು ನಿಯಮವಿರುವುದರಿಂದ, ಹತ್ತನೇ ತಿಂಗಳಿನಿಂದ ಬಾಗಿಲು ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ.

ನೀವು ‘ಜಿ’ ಎಂದು ಬರೆದಿರಲ್ಲ, ಅದನ್ನು ಓದಿ ನಗು ಬಂತು, ಆಮೇಲೆ ಬೇಸರವೂ ಆಯಿತು. ಇಲ್ಲಿ ಸಿಬ್ಬಂದಿಯ ಗಂಟೆಗಳನ್ನು ಪ್ರತಿ ತ್ರೈಮಾಸಿಕಕ್ಕೆ ಸರ್ಕಾರಕ್ಕೆ ಕಳಿಸಬೇಕು. ಸಂಬಳ ಸಿಕ್ಕ ಗಂಟೆಯನ್ನು ಮಾತ್ರ ತೋರಿಸಬೇಕು. ನನ್ನಂಥ ಮಾಸಿಕ ಸಂಬಳದವಳು 10 ಗಂಟೆ ದುಡಿದು 8 ಗಂಟೆಗೆ ಸಂಬಳ ಪಡೆದರೆ ಲೆಕ್ಕಕ್ಕೆ ಬರುವುದು 8. ಉಳಿದ ಎರಡು ಗಂಟೆ ನಾನು ಎಲ್ಲಿದ್ದೆ ಎಂದು ಯಾವ ದಾಖಲೆಯೂ ಹೇಳುವುದಿಲ್ಲ.

ಕಡಲತಡಿ

ಓಹಾಯೋದಲ್ಲಿಯೂ ‘ಜಿ’!

ಓದುಗ_ಒಬ್ಬ | ಶಿವಮೊಗ್ಗ

ಅಮೆರಿಕದಲ್ಲಿ ಒಬ್ಬ ನಿವಾಸಿಗೆ ದಿನಕ್ಕೆ ಇಷ್ಟು ಗಂಟೆ ನರ್ಸಿಂಗ್ ಸಿಗಲೇಬೇಕು ಎಂಬ ಕಾನೂನು ಬಂದಿದೆಯಲ್ಲ? ಹಾಗಾದರೆ ಇನ್ನೇನು ತೊಂದರೆ?

ಹಿಮದೂರು

ಬಂದಿತ್ತು, ಹೋಯಿತು. 2024ರಲ್ಲಿ ದಿನಕ್ಕೆ 3.48 ಗಂಟೆ ಮತ್ತು ಇಪ್ಪತ್ನಾಲ್ಕು ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಎಂದು ನಿಯಮ ಹೊರಡಿಸಿದರು. ಜಾರಿಗೆ ಬರುವ ಮೊದಲೇ 2025ರ ಏಪ್ರಿಲಿನಲ್ಲಿ ಟೆಕ್ಸಾಸಿನ ನ್ಯಾಯಾಲಯ ರದ್ದುಮಾಡಿತು. ನರ್ಸ್‌ಗಳು ಎಲ್ಲಿದ್ದಾರೆ ಎಂದು ಮಾಲೀಕರು ಕೇಳಿದರು. ಅವರ ಪ್ರಶ್ನೆಯಲ್ಲಿ ಸುಳ್ಳೇನೂ ಇಲ್ಲ, ಆದರೆ ಇರುವ ನರ್ಸ್‌ಗಳು ಏಕೆ ಬಿಟ್ಟು ಹೋಗುತ್ತಾರೆ ಎಂದು ಅವರು ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನದ_ಊಟ | ನ್ಯೂಜೆರ್ಸಿ

ನಾನು ನರ್ಸ್ ಅಲ್ಲ. ನನ್ನ ತಾಯಿ ಬೆಂಗಳೂರಿನ ಇಂಥದೇ ಒಂದು ಕೇಂದ್ರದಲ್ಲಿದ್ದಾರೆ, ಎರಡು ವರ್ಷವಾಯಿತು. ತಿಂಗಳಿಗೆ ಸಣ್ಣ ಮೊತ್ತವನ್ನೇನೂ ಕಟ್ಟುತ್ತಿಲ್ಲ. ಕುಟುಂಬದವರು ಫೋನ್ ಮಾಡಿದರೆ ಕೆಲಸ ಕೆಡುತ್ತದೆ ಎಂಬ ಧ್ವನಿ ಇಂಥ ಚರ್ಚೆಗಳಲ್ಲೆಲ್ಲ ಇರುತ್ತದೆ. ನನ್ನ ಊಟದ ಬಿಡುವು ಮಧ್ಯಾಹ್ನ ಒಂದಕ್ಕೆ. ಅಲ್ಲಿ ಆಗ ರಾತ್ರಿ ಹತ್ತೂವರೆ. ಅಮ್ಮ ಊಟ ಮಾಡಿದರೇ, ಮಾತ್ರೆ ತೆಗೆದುಕೊಂಡರೇ ಎಂದು ಇನ್‌ಚಾರ್ಜ್ ಅವರನ್ನಲ್ಲದೆ ಯಾರನ್ನು ಕೇಳಲಿ? ಕೆಳಗಿನವರು “ಚೆನ್ನಾಗಿದ್ದಾರೆ ಸರ್” ಎಂಬ ಒಂದೇ ಮಾತು ಹೇಳುತ್ತಾರೆ.

ಬ್ರದರ್_ಎನ್ನಿ

ದಿನವೂ ಮಾಡುತ್ತೀರಾ?

ಮಧ್ಯಾಹ್ನದ_ಊಟ

ದಿನವೂ ಇಲ್ಲ. ಹೆಚ್ಚೂಕಡಿಮೆ ದಿನವೂ.

ಪೆನ್ಸಿಲ್_ರೋಸ್ಟರ್

ಸರ್, ನಿಮ್ಮ ಮೇಲೆ ನನಗೆ ಕೋಪವಿಲ್ಲ. ತಾಯಿಯನ್ನು ಕೇಳುವ ಮಗ ಕೇಳದವನಿಗಿಂತ ಮೇಲು. ಕೇಳದವರೂ ನನ್ನ ಪಟ್ಟಿಯಲ್ಲಿದ್ದಾರೆ. ಆದರೆ ಲೆಕ್ಕ ಹೇಳುತ್ತೇನೆ. 58 ಮಂದಿಯಲ್ಲಿ 30 ಮಂದಿಯ ಮಕ್ಕಳು ಹೊರದೇಶದಲ್ಲಿದ್ದಾರೆ. ಅಮೆರಿಕದವರು ರಾತ್ರಿ, ಆಸ್ಟ್ರೇಲಿಯಾದವರು ನಸುಕಿನಲ್ಲಿ, ಇಂಗ್ಲೆಂಡಿನವರು ಸಂಜೆ ಔಷಧಿ ಕೊಡುವ ಹೊತ್ತಿಗೆ. ಭೂಮಿ ತಿರುಗುವುದು ನನ್ನ ಫೋನಿನ ಸುತ್ತಲೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಿಮ್ಮ ತಾಯಿಯಂಥವರ ಬಗ್ಗೆ ನನಗೆ ಹೇಳುವವಳೂ ಅದೇ ಪಾಳಿಯ ಸಿಸ್ಟರ್. ನಾನು ಮನೆಯಲ್ಲಿ ಅನ್ನಕ್ಕೆ ಇಟ್ಟು, ಅವಳಿಗೆ ಫೋನ್ ಮಾಡಿ ಕೇಳಿ, ನಿಮ್ಮಂಥ ಮಕ್ಕಳಿಗೆ ಹೇಳುತ್ತೇನೆ.

ಮಧ್ಯಾಹ್ನದ_ಊಟ

ಇದು ಗೊತ್ತಿರಲಿಲ್ಲ. ನೀವು ವಾರ್ಡಿನಲ್ಲೇ ಇರುತ್ತೀರಿ ಎಂದುಕೊಂಡಿದ್ದೆ.

ಕಡಲತಡಿ

ಎಲ್ಲರೂ ಹಾಗೆಯೇ ಅಂದುಕೊಂಡಿರುತ್ತಾರೆ. ನಮಗೂ ಮನೆ ಇದೆ ಸ್ವಾಮಿ.

ಕಟಕಟೆ | ಬೆಂಗಳೂರು

ಕಾರ್ಮಿಕ ಕಾನೂನಿನ ವಕೀಲಿಕೆ ಮಾಡುತ್ತೇನೆ, ಎರಡು ಮಾತು. “ನೀವು ಮ್ಯಾನೇಜ್‌ಮೆಂಟ್” ಎಂಬುದು ಬರೀ ಬಾಯಿಮಾತಲ್ಲ, ಅದರ ಹಿಂದೆ ಕಾನೂನಿನ ಲೆಕ್ಕಾಚಾರ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ಆಡಳಿತದ ಸ್ಥಾನದಲ್ಲಿರುವವರಿಗೆ ಅನ್ವಯಿಸುವುದಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿಯೂ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಪಡೆಯುವವರು ‘ಕಾರ್ಮಿಕ’ ಆಗುತ್ತಿರಲಿಲ್ಲ. ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಗೆರೆ 18,000. ಅಂದರೆ ‘ಇನ್‌ಚಾರ್ಜ್’ ಎಂಬ ಫಲಕ ಕೊಟ್ಟು ಎರಡು ಸಾವಿರ ಹೆಚ್ಚಿಸಿದರೆ ಸಂಸ್ಥೆಗೆ ಲಾಭವೇ.

ಆದರೆ ನ್ಯಾಯಾಲಯಗಳು ಹುದ್ದೆಯ ಹೆಸರನ್ನಷ್ಟೇ ನೋಡುವುದಿಲ್ಲ, ಮುಖ್ಯವಾಗಿ ಮಾಡುವ ಕೆಲಸ ಯಾವುದು ಎಂದು ನೋಡುತ್ತವೆ. ದಿನದ ಬಹುಪಾಲು ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದರೆ, ರಜೆ ಮಂಜೂರು ಮಾಡುವ, ಜನರನ್ನು ನೇಮಿಸುವ ಅಧಿಕಾರ ಇಲ್ಲದಿದ್ದರೆ ವಾದಕ್ಕೆ ಜಾಗವಿದೆ. ಡೈರಿ ಬರೆಯುವುದನ್ನು ನಿಲ್ಲಿಸಬೇಡಿ.

ಓದುಗ_ಒಬ್ಬ

ವಕೀಲರೇ, 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೂ ಸರ್ಕಾರ ವೃದ್ಧಾಶ್ರಮ ತೆರೆಯಲೇಬೇಕು ಎಂದಿದೆಯಲ್ಲ? ಅದು ಆದರೆ ಖಾಸಗಿಯವರ ಮೇಲಿನ ಹೊರೆ ಇಳಿಯುತ್ತದೆ.

ಕಟಕಟೆ

‘ಲೇಬೇಕು’ ಅಲ್ಲ, ‘ಬಹುದು’. ಜಿಲ್ಲೆಗೆ ಒಂದರಂತೆ ಶುರುಮಾಡಿ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಎಂದು 19ನೇ ಕಲಮಿನಲ್ಲಿದೆ. ಓಹಾಯೋದ ಮೇಡಂ ಹೇಳಿದ ‘ಬಹುದು’ವಿಗೂ ಇದಕ್ಕೂ ನಂಟಿದೆ ಎಂದುಕೊಳ್ಳಿ. ಅದೂ ಅಲ್ಲದೆ ಅದು ಆಶ್ರಯದ ಮಾತು. ಟ್ಯೂಬು, ಮೂತ್ರದ ಕ್ಯಾತಿಟರ್, ಮಲಗಿ ಮಲಗಿ ಆಗುವ ಬೆಡ್‌ಸೋರ್ ಹುಣ್ಣು ನೋಡಿಕೊಳ್ಳುವ ಮಾತು ಬೇರೆ.

ಮೂರು_ಮಹಡಿ | ತುಮಕೂರು ರಸ್ತೆ

ಬೈಯುವ ಮೊದಲು ನನ್ನದನ್ನೂ ಕೇಳಿ. ಇಂಥ ಒಂದು ಕೇಂದ್ರ ನಡೆಸುತ್ತೇನೆ, 32 ಹಾಸಿಗೆ. ಇನ್ನೊಬ್ಬ ಹಿರಿಯ ನರ್ಸ್ ಇಡಬೇಕು ಎಂದು ನನಗೂ ಗೊತ್ತು. ಜಾಹೀರಾತು ಕೊಟ್ಟು ಐದು ತಿಂಗಳಾಯಿತು. ಬಂದವರ ಮೊದಲ ಪ್ರಶ್ನೆ, “ಅನುಭವದ ಪತ್ರ ಎಷ್ಟು ತಿಂಗಳಿಗೆ ಕೊಡುತ್ತೀರಿ?” ವೃದ್ಧರ ಆರೈಕೆಯ ಅನುಭವ ಹೊರದೇಶದಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೆಲವರು ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ನಾನು ಶುಲ್ಕದಲ್ಲಿ ಸಾವಿರ ರೂಪಾಯಿ ಏರಿಸಿದರೆ, ತಾಯಿಯನ್ನು ಬೇರೆ ಕಡೆ ಸೇರಿಸುತ್ತೇವೆ ಎಂದು ಕುಟುಂಬದವರು ಹೇಳುತ್ತಾರೆ. ನನ್ನ ಇನ್‌ಚಾರ್ಜ್ ಕೂಡ ಅರವತ್ತು ಗಂಟೆ ದುಡಿಯುತ್ತಾರೆ. ನಾನೂ ದುಡಿಯುತ್ತೇನೆ.

ಬ್ರದರ್_ಎನ್ನಿ

ಸಂಬಳ ಎಷ್ಟು ಹೇಳಿದ್ದಿರಿ ಸರ್, ಜಾಹೀರಾತಿನಲ್ಲಿ?

ಮೂರು_ಮಹಡಿ

‘ಅನುಭವಕ್ಕೆ ತಕ್ಕಂತೆ’.

ಬ್ರದರ್_ಎನ್ನಿ

ಅಷ್ಟೇ ಸಾಕು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ರಚಿಸಿದ ಸಮಿತಿ, 50 ಹಾಸಿಗೆಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಅದು ಹತ್ತು ವರ್ಷದ ಹಿಂದಿನ ರೂಪಾಯಿ. ನನಗೆ ಈ ವರ್ಷ ಬಂದ ಆಹ್ವಾನ ಹೇಳಿದರೆ ನೀವೆಲ್ಲ ನಗುತ್ತೀರಿ.

ಮೂರು_ಮಹಡಿ

ನಮ್ಮದು ಆಸ್ಪತ್ರೆಯಲ್ಲ.

ಬ್ರದರ್_ಎನ್ನಿ

ಕೆಲಸ ಮಾಡಿಸುವಾಗ ಆಸ್ಪತ್ರೆ, ಸಂಬಳ ಕೊಡುವಾಗ ವೃದ್ಧಾಶ್ರಮ.

ನಿವೃತ್ತ_ಮೇಟ್ರನ್

ತಮ್ಮ, ಸ್ವಲ್ಪ ತಾಳ್ಮೆ. ಅವರು ಬಂದು ಮಾತನಾಡಿದ್ದಾರೆ, ಅದೇ ದೊಡ್ಡದು. ಅಂದಹಾಗೆ ನಿಮ್ಮ ಹೆಸರೇಕೆ ಹೀಗೆ?

ಬ್ರದರ್_ಎನ್ನಿ

ಹನ್ನೆರಡು ವರ್ಷದಿಂದ ಅಜ್ಜಿಯರು ನನ್ನನ್ನು “ಸಿಸ್ಟರ್” ಎಂದೇ ಕರೆಯುತ್ತಾರೆ ಮೇಡಂ. ಒಬ್ಬರು “ಸಿಸ್ಟರಪ್ಪ” ಎನ್ನುತ್ತಾರೆ. ಸರ್ಕಾರದಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎನ್ನುತ್ತಾರಂತೆ. ಹಲ್ಲಿಲ್ಲದ ಬಾಯಿಯಲ್ಲಿ ಅದನ್ನು ಹೇಳಿಸಿ ನೋಡೋಣ.

ಕಡಲತಡಿ

ಹಲ್ಲು ಎಂದಾಗ ನೆನಪಾಯಿತು. ನಮ್ಮಲ್ಲಿ ಒಬ್ಬರ ಹಲ್ಲಿನ ಸೆಟ್ ಕಾಣೆಯಾಗಿ ಮೂರು ದಿನ. ಊಟ ಮುಗಿಸಿ ಟಿಶ್ಯೂ ಸುತ್ತಿ ತಟ್ಟೆಯಲ್ಲಿಟ್ಟಿದ್ದರು. ಕಸದ ಬುಟ್ಟಿ ಬುಡಮೇಲು ಮಾಡಿ ಹುಡುಕಿದವಳು ನಾನು, ನರ್ಸಿಂಗ್ ಮ್ಯಾನೇಜರ್. ಸಿಕ್ಕಿದ್ದು ಎದುರು ಮಂಚದ ಅಜ್ಜಿಯ ಬಾಯಲ್ಲಿ. “ಇದು ನನಗೆ ಸರಿಯಾಗಿದೆ” ಎಂದರು.

ಹಿಮದೂರು

ಅಯ್ಯೋ! ಇಲ್ಲಿಯೂ ಅದೇ ಗೋಳು. ಹಲ್ಲಿನ ಸೆಟ್ಟಿನೊಳಗೇ ಹೆಸರು ಬರೆಸುತ್ತೇವೆ. ಶ್ರವಣ ಸಾಧನ ಕಳೆದರೆ ಇನ್ನೂ ಕಷ್ಟ, ಅರ್ಧ ದಿನ ಬಟ್ಟೆ ಒಗೆಯುವ ಕೋಣೆಯಲ್ಲೇ ಕಳೆಯುತ್ತದೆ.

ಲಂಕಾಷೈರ್_ಭಟ್ಟರು | ಇಂಗ್ಲೆಂಡ್

ತಡವಾಗಿ ಬಂದೆ. ಇಲ್ಲಿ ಕೇರ್ ಹೋಮ್‌ಗೆ ‘ನೋಂದಾಯಿತ ಮ್ಯಾನೇಜರ್’ ಎಂದು ಒಬ್ಬರಿರುತ್ತಾರೆ. ಆರೈಕೆ ಸಂಸ್ಥೆಗಳ ಮೇಲೆ ನಿಗಾ ಇಡುವ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಣಿ ನನ್ನ ಸ್ವಂತ ಹೆಸರಿನಲ್ಲಿದೆ. ಏನಾದರೂ ತಪ್ಪಾದರೆ ಮಾಲೀಕರಷ್ಟೇ ನಾನೂ ಉತ್ತರ ಹೇಳಬೇಕು. ಹೀಗಿರುವಾಗ ಫೋನ್ ಆರಿಸಿ ಮಲಗಲು ಎದೆ ಬರುವುದಿಲ್ಲ. ವಾರಕ್ಕೆ ಸರಾಸರಿ 48 ಗಂಟೆ ಮೀರಬಾರದು ಎಂದು 1998ರ ನಿಯಮವಿದೆ, ಆದರೆ ‘ನನಗೆ ಅದು ಬೇಡ’ ಎಂದು ಬರೆದುಕೊಡಬಹುದು. ಕೆಲಸಕ್ಕೆ ಸೇರಿದ ದಿನ ಕಾಗದದ ಕಟ್ಟಿನ ನಡುವೆ ಆ ಹಾಳೆಯೂ ಇತ್ತು. ಸಹಿ ಹಾಕಿದ್ದು ನೆನಪಿದೆ, ಓದಿದ್ದು ನೆನಪಿಲ್ಲ.

2025ರ ಜುಲೈಯಿಂದ ಹೊರದೇಶದ ಆರೈಕೆ ಸಿಬ್ಬಂದಿಗೆ ಹೊಸ ವೀಸಾ ನಿಲ್ಲಿಸಿದ್ದಾರೆ. ಕೇರಳದ, ಜಿಂಬಾಬ್ವೆಯ ಹುಡುಗಿಯರೇ ನಮ್ಮ ರಾತ್ರಿ ಪಾಳಿಯನ್ನು ಹಿಡಿದು ನಿಲ್ಲಿಸಿದ್ದರು. ಒಬ್ಬೊಬ್ಬರು ಹೋದಾಗಲೂ ಆ ಪಾಳಿಯ ಒಂದು ತುಂಡು ನನ್ನ ಪಾಲಿಗೆ ಬರುತ್ತದೆ.

ಉಪಯೋಗಕ್ಕೆ ಬರುವ ಒಂದು ಮಾತು ಹೇಳುತ್ತೇನೆ. ನನ್ನ ಸ್ವಂತ ನಂಬರನ್ನು ಯಾರಿಗೂ ಕೊಟ್ಟಿಲ್ಲ. ‘ಆನ್ ಕಾಲ್’ ಫೋನ್ ಒಂದೇ ಇದೆ, ಅದು ಸಂಸ್ಥೆಯದು. ನಾನು, ಉಪ ಮ್ಯಾನೇಜರ್, ಇಬ್ಬರು ಹಿರಿಯ ನರ್ಸ್‌ಗಳು ವಾರದ ಸರದಿಯಂತೆ ಅದನ್ನು ಕೈ ಬದಲಾಯಿಸುತ್ತೇವೆ. ಫೋನ್ ಹಿಡಿದವರಿಗೆ ಸ್ವಲ್ಪ ಭತ್ಯೆ ಇದೆ. ಯಾವುದಕ್ಕೆ ಕರೆಯಬೇಕು, ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು ಎಂದು ಒಂದು ಹಾಳೆಯಲ್ಲಿ ಬರೆದು ನರ್ಸ್‌ಗಳ ಮೇಜಿನ ಮೇಲೆ ಅಂಟಿಸಿದ್ದೇವೆ. ಬಿದ್ದರೆ, ಉಸಿರು ಕಷ್ಟವಾದರೆ, ಯಾರಾದರೂ ಕಾಣೆಯಾದರೆ ಕರೆಯಿರಿ. ಡೈಪರ್ ದಾಸ್ತಾನು ಮುಗಿದರೆ ಕರೆಯಬೇಡಿ. ಮೊದಲ ತಿಂಗಳಲ್ಲೇ ಕರೆಗಳು ಅರ್ಧಕ್ಕೆ ಇಳಿದವು.

ನಿವೃತ್ತ_ಮೇಟ್ರನ್

ನಾನು ಹೇಳಲು ಹೊರಟದ್ದೂ ಇದನ್ನೇ, ಸಿಡುಕಿ ಹೇಳಿದೆ.

ಮಧ್ಯಾಹ್ನದ_ಊಟ

ಕುಟುಂಬದವರಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ. ಸಂಜೆ ಏಳಕ್ಕೆ ಪಾಳಿಯ ಸಿಸ್ಟರ್ ನಾಲ್ಕು ಸಾಲು ಬರೆದು ಕಳಿಸಲಿ: ಊಟ, ನಿದ್ದೆ, ಬಿ.ಪಿ., ಏನಾದರೂ ಹೊಸತು. ಇಲ್ಲಿ ಆಗ ಬೆಳಿಗ್ಗೆ, ಬಂದ ಕೂಡಲೇ ಓದುತ್ತೇನೆ. ಸಣ್ಣ ಭತ್ಯೆಯಾದರೆ ನಾನು ಕೊಡಲು ಸಿದ್ಧ. ನಮ್ಮ ಕೇಂದ್ರಕ್ಕೆ ಇಂದೇ ಬರೆಯುತ್ತೇನೆ.

ಮೂರು_ಮಹಡಿ

ಸರ್, ನಿಮ್ಮ ತಾಯಿಯನ್ನು ನಮ್ಮಲ್ಲಿಗೆ ಕರೆದುಕೊಂಡು ಬನ್ನಿ!

ಕಡಲತಡಿ

ಇಲ್ಲಿಯೂ ಗಿರಾಕಿ ಹಿಡಿಯುತ್ತೀರಲ್ಲ.

ಪೆನ್ಸಿಲ್_ರೋಸ್ಟರ್ | ಹದಿನೆಂಟು ದಿನದ ನಂತರ

ಎಲ್ಲರಿಗೂ ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ. ಮೂಳೆ ಮುರಿದ ಅಜ್ಜ ಶಸ್ತ್ರಚಿಕಿತ್ಸೆ ಮುಗಿಸಿ ವಾಪಸು ಬಂದಿದ್ದಾರೆ, ವಾಕರ್ ಹಿಡಿದು ಬಾಗಿಲವರೆಗೆ ನಡೆದರು.

ಡ್ಯೂಟಿ ಫೋನ್ ಕೇಳಿದೆ. ಕೊಟ್ಟರು. ಬಟನ್ ಒತ್ತುವ ಹಳೆಯ ಫೋನು, ಆದರೆ ಬ್ಯಾಟರಿ ನಾಲ್ಕು ದಿನ ಬರುತ್ತದೆ. ಸರದಿಗೆ ಮೂವರು ಒಪ್ಪಿದ್ದಾರೆ. ಭತ್ಯೆಯ ಬಗ್ಗೆ “ನೋಡೋಣ” ಎಂದಿದ್ದಾರೆ. ಭಟ್ಟರೇ, ನಿಮ್ಮ ಹಾಳೆಯನ್ನು ನಮ್ಮ ರೀತಿಯಲ್ಲಿ ಬರೆದು ಅಂಟಿಸಿದೆ. ಮೂರನೇ ದಿನ ಯಾರೋ ಅದರ ಕೆಳಗೆ “ಜನರೇಟರ್ ಕೆಟ್ಟರೆ ಎಲೆಕ್ಟ್ರಿಷಿಯನ್‌ಗೆ ಫೋನ್, ಮೇಡಂಗೆ ಅಲ್ಲ” ಎಂದು ಸೇರಿಸಿದ್ದರು. ಯಾರೆಂದು ವಿಚಾರಿಸಲಿಲ್ಲ.

ಇನ್ನೊಂದು. ಹಾಜರಿ ಪುಸ್ತಕದಲ್ಲಿ ‘ಜಿ’ ಬದಲು ನಿಜವಾದ ಹೊತ್ತು ಬರೆಯತೊಡಗಿದೆ: 8.20–8.05, 6.45–7.30, ಹೀಗೆ. ಒಂದು ವಾರ ಯಾರೂ ಏನೂ ಹೇಳಲಿಲ್ಲ. ಸೋಮವಾರ ಪುಸ್ತಕ ತೆರೆದರೆ ಏಳೂ ದಿನದ ಮೇಲೆ ವೈಟ್ನರ್ ಬಳಿದು, ಅದು ಒಣಗಿದ ಮೇಲೆ ನೀಟಾಗಿ ‘ಜಿ’ ಎಂದು ಬರೆದಿದ್ದರು.

ಕಟಕಟೆ

ಫೋಟೋ ತೆಗೆದಿರಾ?

ಪೆನ್ಸಿಲ್_ರೋಸ್ಟರ್

ಬರೆದ ದಿನ ಒಂದು, ಬಳಿದ ದಿನ ಒಂದು. ಎರಡೂ ಇವೆ.

ಕಟಕಟೆ

ಭದ್ರವಾಗಿಡಿ. ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ.

ಹಿಮದೂರು

ಅಕ್ಕ, ಇವತ್ತು ಹೊತ್ತಿಗೆ ಸರಿಯಾಗಿ ಹೊರಡುತ್ತೀರಾ?

ಪೆನ್ಸಿಲ್_ರೋಸ್ಟರ್

ಈಗ 5.20. ಹನ್ನೊಂದನೇ ಕೋಣೆಯ ಅಜ್ಜಿ ಎದ್ದಾಯಿತು. ದಿನವೂ ಬೆಳಕು ಇಳಿಯುವ ಹೊತ್ತಿಗೆ ಬಟ್ಟೆಯ ಗಂಟು ಕಟ್ಟಿ ಬಾಗಿಲಿಗೆ ಬರುತ್ತಾರೆ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಾಯಿತು ಎಂದು. ಮಗನಿಗೆ ಅರವತ್ತೊಂದು ವರ್ಷ. ಬೇಡ ಎಂದರೆ ಕೈಯೆತ್ತುತ್ತಾರೆ. ಹೊಸ ಹುಡುಗಿಗೆ ಹೇಳಿಕೊಟ್ಟಿದ್ದೇನೆ: ಇಲ್ಲ ಎನ್ನಬೇಡ, ಬಸ್ ಬರಲಿ ಅಜ್ಜಿ, ಅಲ್ಲಿಯವರೆಗೆ ಕಾಫಿ ಕುಡಿಯೋಣ ಎನ್ನು. ಇವತ್ತು ಅವಳೇ ಹೇಳುತ್ತಿದ್ದಾಳೆ. ಅಜ್ಜಿ ಕುಳಿತರೆ ಹೊರಡುತ್ತೇನೆ.